ಮಗುವಿಗೆ ಮೊದಲ ಬೇಟೆ ರೈಫಲ್: ಅಮೆರಿಕದ ಕನ್ನಡಿಗ ಅಪ್ಪ-ಅಮ್ಮಂದಿರಿಗೆ ಒಂದು ಮಾರ್ಗದರ್ಶಿ

ಪೆನ್ಸಿಲ್ವೇನಿಯಾದಲ್ಲಿ ಥ್ಯಾಂಕ್ಸ್‌ಗಿವಿಂಗ್ ಮುಗಿದ ಶನಿವಾರ ರೈಫಲ್‌ನಲ್ಲಿ ಜಿಂಕೆ ಬೇಟೆ ಶುರುವಾಗುತ್ತದೆ. 2019ಕ್ಕೆ ಮುಂಚೆ ಅದು ಸೋಮವಾರ ಇತ್ತು. ಆ ಸೋಮವಾರ ಹಳ್ಳಿ ಕಡೆಯ ಎಷ್ಟೋ ಶಾಲೆಗಳಿಗೆ ರಜೆಯೇ ಕೊಡುತ್ತಿದ್ದರು, ಹಲವು ಕಡೆ ಈಗಲೂ ಕೊಡುತ್ತಾರೆ. ಇಂಥ ಊರಲ್ಲಿ ಬೆಳೆಯುವ ನಮ್ಮ ಮಕ್ಕಳು ಆರನೇ ಏಳನೇ ಕ್ಲಾಸಿಗೆ ಬರುವಷ್ಟರಲ್ಲಿ ಗೆಳೆಯರ ಬಾಯಲ್ಲಿ ಬೇಟೆಯ ಕಥೆ ಕೇಳಿರುತ್ತಾರೆ. ಒಂದು ದಿನ ಊಟದ ಹೊತ್ತಿಗೆ ಕೇಳಿಯೇ ಬಿಡುತ್ತಾರೆ: "ಅಪ್ಪಾ, ನನಗೂ ಒಂದು ರೈಫಲ್ ಕೊಡಿಸ್ತೀರಾ?"

ಕೊಡಗಿನವರಿಗೆ, ಮಲೆನಾಡಿನವರಿಗೆ ಕೋವಿ ಹೊಸದಲ್ಲ. ಕೈಲ್‌ಪೋದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುವುದನ್ನು ನೋಡಿ ಬೆಳೆದವರು ನಮ್ಮಲ್ಲಿದ್ದಾರೆ. ಆದರೆ ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಕಾನೂನುಬಾಹಿರ. ಹಾಗಾಗಿ ನಮ್ಮಲ್ಲಿ ಬಹಳಷ್ಟು ಜನ ಕೋವಿಯನ್ನು ಹತ್ತಿರದಿಂದ ನೋಡಿಯೂ ಇಲ್ಲ. ಇಲ್ಲಿ ಬೇಟೆ ಕಾನೂನಿನ ಒಳಗೇ ಇದೆ. ಲೈಸೆನ್ಸ್ ಇದೆ, ಕಾಲ ಇದೆ, ಎಷ್ಟು ಹೊಡೆಯಬಹುದು ಎಂಬ ಲೆಕ್ಕ ಇದೆ. ಬೇಡ ಎನ್ನುವ ಅಪ್ಪ-ಅಮ್ಮಂದಿರ ಜೊತೆ ನನಗೆ ಜಗಳವಿಲ್ಲ. ಯೋಚಿಸಿ, ಆಗಲಿ ಎನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಒತ್ತಿ ಹೇಳಬೇಕಾದ ಮಾತು ಒಂದೇ. ರೈಫಲ್ ಮಗುವಿನ ಇವತ್ತಿನ ಮೈಗೆ ಹೊಂದಬೇಕು. ಜೂನ್‌ನಲ್ಲಿ ಯೂನಿಫಾರ್ಮ್ ಕೊಳ್ಳುವಾಗ "ಬೆಳೆಯೋ ಮಗು, ಒಂದು ಸೈಜ್ ದೊಡ್ಡದೇ ಇರಲಿ" ಅಂತೀವಲ್ಲ, ಆ ಲೆಕ್ಕ ಇಲ್ಲಿ ಬೇಡವೇ ಬೇಡ.

ಮೊದಲು ಮಗುವನ್ನು ನೋಡಿ, ಅಂಗಡಿಯನ್ನು ಆಮೇಲೆ

ವಯಸ್ಸಿನ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಪೆನ್ಸಿಲ್ವೇನಿಯಾದಲ್ಲಿ ಬೇಟೆಯ ಲೈಸೆನ್ಸಿಗೆ 12 ವರ್ಷ ಆಗಿರಬೇಕು. ಅದಕ್ಕಿಂತ ಚಿಕ್ಕವರು ಅನುಭವಿ ಹಿರಿಯರ ಜೊತೆ ಮೆಂಟರ್ಡ್ ಯೂತ್ ಪರ್ಮಿಟ್‌ನಲ್ಲಿ ಹೋಗಬಹುದು. ಆಗ ನಡೆಯುವಾಗಲೆಲ್ಲ ಕೋವಿ ಹಿರಿಯರ ಕೈಯಲ್ಲೇ ಇರಬೇಕು. ಒಂದು ಕಡೆ ಕೂತ ಮೇಲೆ, ಕೈಗೆ ಎಟುಕುವಷ್ಟು ಹತ್ತಿರದಲ್ಲಿ ಮಾತ್ರ ಮಗುವಿಗೆ ಕೊಡಬಹುದು. ಕೊಲೊರಾಡೊದಲ್ಲಿ ದೊಡ್ಡ ಪ್ರಾಣಿಯ ಬೇಟೆಗೆ 12 ವರ್ಷ. ವಿಸ್ಕಾನ್ಸಿನ್ 2017ರಲ್ಲಿ ಕನಿಷ್ಠ ವಯಸ್ಸನ್ನೇ ತೆಗೆದುಹಾಕಿತು. ನಿಮ್ಮ ರಾಜ್ಯದ ವನ್ಯಜೀವಿ ಇಲಾಖೆ ಪ್ರತಿ ವರ್ಷ ನಿಯಮದ ಕೈಪಿಡಿ ತರುತ್ತದೆ. ಅದನ್ನು ಪೂರ್ತಿ ಓದಿ. ಗೆಳೆಯರ ಮಾತು ನೆಚ್ಚಿಕೊಳ್ಳಬೇಡಿ.

ಕಾನೂನು ಒಪ್ಪಿತು ಅಂದರೆ ಮಗು ತಯಾರಾಗಿದೆ ಎಂದಲ್ಲ. ನಾನು ನೋಡುವುದು ಇಷ್ಟು. ಒಂದು ಸಲ ಹೇಳಿದ ನಿಯಮವನ್ನು ನೀವು ನೋಡದಿದ್ದಾಗಲೂ ಪಾಲಿಸುತ್ತದೆಯೇ? "ನಿಲ್ಲು" ಅಂದ ತಕ್ಷಣ ನಿಲ್ಲುತ್ತದೆಯೇ, ಇಲ್ಲ ಯಾಕೆ ಅಂತ ವಾದ ಶುರು ಮಾಡುತ್ತದೆಯೇ? ಸಿಟ್ಟು ಬಂದಾಗ ಕೈಯಲ್ಲಿದ್ದದ್ದನ್ನು ಎಸೆಯುತ್ತದೆಯೇ? ಚಳಿಯಲ್ಲಿ ಎರಡು ಗಂಟೆ ಸುಮ್ನೆ ಕೂರುವ ತಾಳ್ಮೆ ಇದೆಯೇ? ಇನ್ನೊಂದು ಪ್ರಶ್ನೆಯನ್ನು ಬಹಳ ಜನ ಕೇಳುವುದೇ ಇಲ್ಲ: ಒಂದು ಜೀವ ತೆಗೆಯುವುದು ಅಂದರೆ ಏನು ಎಂದು ಮಗುವಿಗೆ ಗೊತ್ತೇ? ಹೊಡೆದ ಮೇಲೆ ಚರ್ಮ ಸುಲಿಯಬೇಕು, ಕರುಳು ತೆಗೆಯಬೇಕು, ಮಾಂಸ ಮನೆಗೆ ತರಬೇಕು. ಇದನ್ನೆಲ್ಲ ಬಾಯಿಬಿಟ್ಟು ಮಾತಾಡಿ. ಮನೆಯಲ್ಲಿ ಮಾಂಸ ತಿನ್ನುವುದಿಲ್ಲ ಎಂದರೆ ಆ ಜಿಂಕೆಯನ್ನು ಏನು ಮಾಡುವುದು ಎಂದು ಮೊದಲೇ ತೀರ್ಮಾನಿಸಿ. ಪೆನ್ಸಿಲ್ವೇನಿಯಾದಲ್ಲಿ ಹಂಟರ್ಸ್ ಶೇರಿಂಗ್ ದಿ ಹಾರ್ವೆಸ್ಟ್ ಎಂಬ ಸಂಸ್ಥೆ ಜಿಂಕೆ ಮಾಂಸವನ್ನು ಹಸಿದವರಿಗೆ ತಲುಪಿಸುತ್ತದೆ. ಮಗುವಿಗೆ ಗುರಿ ಹೊಡೆಯುವುದು ಇಷ್ಟ, ಕೊಲ್ಲುವುದು ಬೇಡ ಎನ್ನಿಸಿದರೆ ಅದೂ ಒಳ್ಳೆಯ ದಾರಿಯೇ. 4-ಎಚ್ ಎಂಬ ಮಕ್ಕಳ ಸಂಘಟನೆಯ ಶೂಟಿಂಗ್ ತಂಡಗಳಿವೆ. ಕಾಲೇಜು ಮಟ್ಟದಲ್ಲಿ ಎನ್‌ಸಿಎಎ ರೈಫಲ್ ಪಂದ್ಯಗಳಿವೆ, ಅಲ್ಲಿ ಹುಡುಗ ಹುಡುಗಿಯರು ಒಟ್ಟಿಗೇ ಆಡುತ್ತಾರೆ. ಆಗ ಬೇಟೆ ರೈಫಲ್ ಬೇಕಾಗುವುದೇ ಇಲ್ಲ.

ಇನ್ನು ಕಷ್ಟದ ಮಾತು. ಅಮೆರಿಕದಲ್ಲಿ 1ರಿಂದ 19 ವರ್ಷದವರ ಸಾವಿಗೆ 2020ರಲ್ಲಿ ಬಂದೂಕೇ ಮೊದಲ ಕಾರಣವಾಯಿತು. ಅದರಲ್ಲಿ ಆತ್ಮಹತ್ಯೆಗಳೂ ಸೇರಿವೆ. ಮಗು ಕುಗ್ಗಿದ್ದರೆ, ನಿದ್ದೆ-ಊಟ ಬಿಟ್ಟಿದ್ದರೆ, ಗೆಳೆಯರಿಂದ ದೂರವಾಗಿದ್ದರೆ ಈ ವರ್ಷ ರೈಫಲ್ ಬೇಡ. ಖುಷಿಯಾಗಲಿ ಎಂದು ಉಡುಗೊರೆ ಕೊಡುವ ಸಮಯ ಅದಲ್ಲ. ಆತ್ಮಹತ್ಯೆ ತಡೆಯುವ ಸಹಾಯವಾಣಿ 988ಕ್ಕೆ ಹಗಲು ರಾತ್ರಿ ಕರೆ ಮಾಡಬಹುದು, ಮೆಸೇಜ್ ಕಳಿಸಬಹುದು. ಮಿಶಿಗನ್‌ನ ಆಕ್ಸ್‌ಫರ್ಡ್ ಹೈಸ್ಕೂಲಿನಲ್ಲಿ 2021ರ ನವೆಂಬರ್ 30ರಂದು 15 ವರ್ಷದ ಹುಡುಗ ನಾಲ್ವರು ವಿದ್ಯಾರ್ಥಿಗಳನ್ನು ಕೊಂದ. ಆ ಪಿಸ್ತೂಲನ್ನು ಅಪ್ಪ ಕೊಂಡದ್ದು ನಾಲ್ಕು ದಿನ ಮುಂಚೆ, ಕ್ರಿಸ್‌ಮಸ್ ಉಡುಗೊರೆ ಎಂದು. ಮಗನ ಮನಸ್ಸು ಹದಗೆಟ್ಟ ಸೂಚನೆಗಳು ಕಣ್ಣ ಮುಂದೆಯೇ ಇದ್ದವು. 2024ರಲ್ಲಿ ಅಪ್ಪ-ಅಮ್ಮ ಇಬ್ಬರಿಗೂ 10ರಿಂದ 15 ವರ್ಷ ಜೈಲು ಶಿಕ್ಷೆಯಾಯಿತು. ಉಡುಗೊರೆ ಕೊಡುವ ಪ್ರತಿ ಅಪ್ಪ-ಅಮ್ಮನಿಗೂ ಇದು ಗೊತ್ತಿರಬೇಕು.

ತರಗತಿಗೆ ನೀವೂ ಸೇರಿ

ರೈಫಲ್ ಕೊಳ್ಳುವ ಮುಂಚೆ ಹಂಟರ್ ಎಜುಕೇಶನ್ ಎಂಬ ಬೇಟೆಗಾರರ ಸುರಕ್ಷತಾ ತರಗತಿ ಮುಗಿಯಬೇಕು. ಆಮೇಲಲ್ಲ. ಪೆನ್ಸಿಲ್ವೇನಿಯಾದಲ್ಲಿ 11 ವರ್ಷ ತುಂಬಿದವರು ಈ ತರಗತಿಗೆ ಸೇರಬಹುದು. ಮೊದಲ ಸಲ ಲೈಸೆನ್ಸ್ ತೆಗೆಯುವವರು ಎಷ್ಟೇ ವಯಸ್ಸಿನವರಾದರೂ ಇದನ್ನು ಮಾಡಲೇಬೇಕು. ಟೆಕ್ಸಾಸ್‌ನಲ್ಲಿ 1971ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರಿಗೆ ಕಡ್ಡಾಯ. ನಮ್ಮಂಥವರಿಗೆ ಇದು ನಿಜವಾಗಿ ಅನುಕೂಲ. ಇಲ್ಲಿನ ಅಪ್ಪಂದಿರು ತಮ್ಮ ಅಪ್ಪಂದಿರಿಂದ ಕಲಿತದ್ದನ್ನು ನಾವು ಮಗುವಿನ ಪಕ್ಕದ ಕುರ್ಚಿಯಲ್ಲಿ ಕೂತು ಕಲಿಯಬಹುದು. ಆನ್‌ಲೈನ್ ಪಾಠ ಎಲ್ಲ ಕಡೆ ಸಿಗುತ್ತದೆ. ಆದರೂ ಆಯ್ಕೆ ಇದ್ದರೆ ಎದುರಿಗೆ ಕೂತು ಕಲಿಯುವ ತರಗತಿಯನ್ನೇ ಆರಿಸಿ. ಬೇಲಿ ದಾಟುವಾಗ ಕೋವಿಯಿಂದ ತೋಟಾ ತೆಗೆದು, ಅದನ್ನು ಆಚೆ ಬದಿ ಮಲಗಿಸಿ, ಆಮೇಲೆ ದಾಟುವುದನ್ನು ಕೈಯಾರೆ ಮಾಡಿದರೆ ಮಾತ್ರ ಮೈಗೆ ಹತ್ತುತ್ತದೆ. ಮರದ ಮಚಾನಿಗೆ ಹತ್ತುವಾಗಲೂ ಹಾಗೇ. ಮೊದಲು ಮನುಷ್ಯ ಹತ್ತಬೇಕು, ಆಮೇಲೆ ಖಾಲಿ ಕೋವಿಯನ್ನು ಹಗ್ಗದಲ್ಲಿ ಎಳೆದುಕೊಳ್ಳಬೇಕು.

ತರಗತಿಯಲ್ಲಿ, ಗುರಿ ಅಭ್ಯಾಸ ಮಾಡುವ ರೇಂಜಿನಲ್ಲಿ ಒಬ್ಬ ಅನುಭವಿ ಹಿರಿಯರ ಪರಿಚಯ ಮಾಡಿಕೊಳ್ಳಿ. ನೀವೇ ಹೊಸಬರಾಗಿದ್ದು ಮಗುವನ್ನು ಒಬ್ಬರೇ ಕಾಡಿಗೆ ಕರೆದುಕೊಂಡು ಹೋಗುವುದು ಸರಿಯಲ್ಲ.

ಕೊಳ್ಳುವ ಹಕ್ಕು ನಿಮಗಿದೆಯೇ?

ವೀಸಾದಲ್ಲಿರುವವರು ಈ ಭಾಗವನ್ನು ಎರಡು ಸಲ ಓದಿ. ಎಚ್-1ಬಿ, ಎಚ್-4, ಎಲ್-1, ಎಫ್-1 ಇವೆಲ್ಲ ವಲಸೆಯೇತರ ವೀಸಾಗಳು. ಈ ವೀಸಾಗಳ ಮೇಲೆ ಬಂದವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಅದರಲ್ಲಿ ಒಂದು ವಿನಾಯಿತಿ ಇದೆ. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಕೈಯಲ್ಲಿದ್ದರೆ ಇಟ್ಟುಕೊಳ್ಳಬಹುದು. ಲೈಸೆನ್ಸ್ ಮುಗಿದ ಮಾರನೇ ದಿನವೂ ರೈಫಲ್ ಮನೆಯಲ್ಲಿದ್ದರೆ ಅಪರಾಧ. ಮಗು ಇಲ್ಲೇ ಹುಟ್ಟಿ ಇಲ್ಲಿನ ಪ್ರಜೆಯಾಗಿರಬಹುದು, ಆದರೆ ಬೀಗದ ಕೀಲಿ ಇರುವುದು ನಿಮ್ಮ ಕೈಯಲ್ಲಿ ಅಲ್ವಾ? ಹಾಗಾಗಿ ಲೆಕ್ಕಕ್ಕೆ ಬರುವುದು ನಿಮ್ಮ ವೀಸಾ. ಒಂದು ಸಣ್ಣ ತಪ್ಪಿಗೆ ಹತ್ತು ವರ್ಷದಿಂದ ಕಾಯುತ್ತಿರುವ ಗ್ರೀನ್ ಕಾರ್ಡ್ ಕೈಬಿಟ್ಟು ಹೋಗಬಹುದು. ಮೊದಲು ವಲಸೆ ವಕೀಲರನ್ನು ಕೇಳಿ. ನನ್ನ ಅಭಿಪ್ರಾಯ ಕೇಳಿದರೆ, ಗ್ರೀನ್ ಕಾರ್ಡ್ ಬರುವವರೆಗೆ ರೈಫಲ್ ಕೊಳ್ಳಬೇಡಿ. ಅಲ್ಲಿಯವರೆಗೆ ಮಗು 4-ಎಚ್ ತಂಡದಲ್ಲಿ, ಅಲ್ಲಿನ ಕೋವಿಯಲ್ಲೇ, ತರಬೇತುದಾರರ ಕಣ್ಣೆದುರು ಕಲಿಯಲಿ. ಗ್ರೀನ್ ಕಾರ್ಡ್ ಇದ್ದವರಿಗೆ ಫೆಡರಲ್ ಕಾನೂನಿನಲ್ಲಿ ಈ ಅಡ್ಡಿ ಇಲ್ಲ.

ಲೈಸೆನ್ಸ್ ಇರುವ ಅಂಗಡಿಯವರು 18 ವರ್ಷದೊಳಗಿನವರಿಗೆ ರೈಫಲ್ ಮಾರುವಂತಿಲ್ಲ. ಕೊಳ್ಳುವವರು ನೀವೇ. ಬಂದೂಕು ಕೊಳ್ಳುವವರ ಫೆಡರಲ್ ಫಾರ್ಮ್ 4473 ತುಂಬುವವರೂ ನೀವೇ, ಹಿನ್ನೆಲೆ ತಪಾಸಣೆಯೂ ನಿಮ್ಮದೇ. ಫಾರ್ಮ್‌ನಲ್ಲಿ "ನಿಜವಾದ ಖರೀದಿದಾರರು ನೀವೇನಾ" ಎಂಬ ಪ್ರಶ್ನೆ ಇದೆ. ನಿಮ್ಮ ದುಡ್ಡಿನಲ್ಲಿ ಕೊಂಡು ಉಡುಗೊರೆ ಕೊಡುವುದಾದರೆ ಹೌದು ಎನ್ನಬಹುದು. ಆದರೆ ಬೇರೆಯವರು ದುಡ್ಡು ಕೊಟ್ಟು ತಮಗಾಗಿ ಕೊಳ್ಳಲು ಹೇಳಿದರೆ ಅದು ಉಡುಗೊರೆ ಅಲ್ಲ. ಹಾಗಾಗಿ ಮಗು ಕೂಡಿಟ್ಟ ಪಾಕೆಟ್ ಮನಿಯನ್ನು ಇದಕ್ಕೆ ಸೇರಿಸಬೇಡಿ. ಬೇರೆ ರಾಜ್ಯದಲ್ಲಿರುವ ಚಿಕ್ಕಪ್ಪನೋ ಮಾವನೋ ತಮ್ಮ ಹಳೇ ರೈಫಲ್ ಕೊಡುತ್ತೇನೆ ಎಂದರೆ ಕಾರಿನಲ್ಲಿ ಹಾಕಿಕೊಂಡು ಬರುವ ಹಾಗಿಲ್ಲ. ನಿಮ್ಮ ರಾಜ್ಯದ ಲೈಸೆನ್ಸ್ ಇರುವ ಅಂಗಡಿಯ ಮೂಲಕವೇ ಬರಬೇಕು. ಇಲಿನಾಯ್, ನ್ಯೂಜೆರ್ಸಿಯಂಥ ರಾಜ್ಯಗಳಲ್ಲಿ ಇದಕ್ಕೆಲ್ಲ ಮೊದಲು ಬೇರೆ ಗುರುತಿನ ಕಾರ್ಡೇ ಮಾಡಿಸಬೇಕು.

ಮೊದಲ ಕೋವಿ .22 ಆಗಿರಲಿ

ಬಹಳ ಅಪ್ಪಂದಿರು ನೇರವಾಗಿ ಜಿಂಕೆ ರೈಫಲ್‌ಗೆ ಹೋಗುತ್ತಾರೆ. ಬೇಡ. ಮೊದಲ ವರ್ಷ .22 ಲಾಂಗ್ ರೈಫಲ್ ಎಂಬ ಸಣ್ಣ ತೋಟಾದ ಕೋವಿ ಸಾಕು. ಇದರ ಸದ್ದು ಕಡಿಮೆ, ಒದೆತ ಇಲ್ಲ ಎನ್ನುವಷ್ಟು ಕಡಿಮೆ. ಒಂದು ತೋಟಾಕ್ಕೆ ಕೆಲವೇ ಸೆಂಟ್‌ಗಳು. ಜಿಂಕೆ ರೈಫಲ್‌ನ ತೋಟಾ ಒಂದಕ್ಕೆ ಡಾಲರ್‌ಗಿಂತ ಜಾಸ್ತಿ. ಗುರಿ ಕಲಿಯಬೇಕಾದರೆ ನೂರಾರು ಸಲ ಹೊಡೆಯಬೇಕು. ಅದು .22ನಲ್ಲಿ ಮಾತ್ರ ಸಾಧ್ಯ.

ಚಿಕ್ಕ ಮಕ್ಕಳಿಗೆ ಸ್ಯಾವೇಜ್ ರಾಸ್ಕಲ್, ಹೆನ್ರಿ ಮಿನಿ ಬೋಲ್ಟ್‌ನಂಥ ಒಂಟಿ ತೋಟಾದ ಪುಟ್ಟ ರೈಫಲ್‌ಗಳಿವೆ. ರಾಸ್ಕಲ್ ಮೂರು ಪೌಂಡ್ ಕೂಡ ತೂಗುವುದಿಲ್ಲ. ಒಂದು ಹೊಡೆದ ಮೇಲೆ ಇನ್ನೊಂದನ್ನು ಕೈಯಿಂದಲೇ ಹಾಕಬೇಕು. ಅಷ್ಟು ಹೊತ್ತು ಮಗು ನಿಧಾನಿಸುತ್ತದೆ, ನಿಮಗೂ ನೋಡಲು ಸಮಯ ಸಿಗುತ್ತದೆ. ಸ್ವಲ್ಪ ದೊಡ್ಡವರಿಗೆ ರೂಗರ್ ಅಮೆರಿಕನ್ ರಿಮ್‌ಫೈರ್ ಕಾಂಪ್ಯಾಕ್ಟ್ ಚೆನ್ನಾಗಿರುತ್ತದೆ. ಬೇಗ ಬೇಗ ಹೊಡೆಯುವ ಸೆಮಿ-ಆಟೊಮ್ಯಾಟಿಕ್ ಎಷ್ಟೇ ಹೆಸರುವಾಸಿಯಾಗಿದ್ದರೂ ಮೊದಲ ಕೋವಿಯಾಗಿ ಬೇಡ.

.22 ಅಂದರೆ ಆಟಿಕೆ ಎಂದು ಮಾತ್ರ ತಿಳಿಯಬೇಡಿ. ಅದರ ಗುಂಡು ಒಂದೂವರೆ ಮೈಲಿಯವರೆಗೂ ಹೋಗಬಲ್ಲದು. ಅಳಿಲು ಮರದ ತುದಿಯಲ್ಲಿದ್ದಾಗ ಹಿಂದೆ ಬರೀ ಆಕಾಶ ಇದ್ದರೆ ಹೊಡೆಯಬಾರದು. ದಪ್ಪ ಕಾಂಡಕ್ಕೆ ಅಂಟಿಕೊಂಡಾಗ ಮಾತ್ರ ಹೊಡೆಯಬೇಕು. ಗುಂಡು ತಪ್ಪಿದರೆ ಎಲ್ಲಿ ಹೋಗಿ ನಿಲ್ಲುತ್ತದೆ ಎಂದು ಹೊಡೆಯುವ ಮುಂಚೆಯೇ ನೋಡುವ ಅಭ್ಯಾಸ ಈ ಸಣ್ಣ ಕೋವಿಯಲ್ಲೇ ಬರಬೇಕು.

ಟೇಪ್ ಹಿಡಿದು ಅಳತೆ ತೆಗೆಯಿರಿ

ಸ್ಟಾಕ್ ಅಂದರೆ ಹೆಗಲಿಗೆ ಒತ್ತುವ ಹಿಂಭಾಗ. ಅದರ ತುದಿಯಿಂದ ಟ್ರಿಗರ್‌ವರೆಗಿನ ಉದ್ದವೇ ಎಲ್ಲಕ್ಕಿಂತ ಮುಖ್ಯ. ದೊಡ್ಡವರ ರೈಫಲ್‌ನಲ್ಲಿ ಇದು ಸಾಮಾನ್ಯವಾಗಿ 13.5ರಿಂದ 13.75 ಇಂಚು. ಮಕ್ಕಳ ರೈಫಲ್‌ನಲ್ಲಿ 12ರಿಂದ 12.5 ಇಂಚು. ರಾಸ್ಕಲ್‌ನಂಥ ಪುಟ್ಟ .22ನಲ್ಲಿ 11.25 ಇಂಚು.

ಮಗುವಿನ ಮೊಣಕೈಯನ್ನು ನೇರ ಕೋನಕ್ಕೆ ಮಡಚಿಸಿ. ಮೊಣಕೈ ಒಳಮಡಿಕೆಯಿಂದ ತೋರುಬೆರಳಿನ ಮೊದಲ ಗೆಣ್ಣಿನವರೆಗೆ ಟೇಪ್ ಹಿಡಿಯಿರಿ. ಹೆಚ್ಚೂಕಮ್ಮಿ ಅದೇ ಉದ್ದದ ಸ್ಟಾಕ್ ಬೇಕು. ಜಿಂಕೆ ಕಾಲ ಚಳಿಗಾಲದ ಬಾಗಿಲು. ದಪ್ಪ ಜಾಕೆಟ್ ಹಾಕಿದರೆ ಹೆಗಲು ಮುಂದೆ ಬರುತ್ತದೆ. ಹಾಗಾಗಿ ಜಾಕೆಟ್ ತೊಡಿಸಿಯೇ ಕೋವಿ ಹಿಡಿಸಿ ನೋಡಿ. ಅರ್ಧ ಇಂಚು ಗಿಡ್ಡವಾದರೂ ಪರವಾಗಿಲ್ಲ, ಉದ್ದ ಮಾತ್ರ ಆಗಬಾರದು.

ಉದ್ದವಾದರೆ ಹೇಗೆ ತಿಳಿಯುತ್ತದೆ? ಮಗು ಹೊಟ್ಟೆ ಮುಂದೆ ಚಾಚಿ, ಬೆನ್ನು ಹಿಂದಕ್ಕೆ ಬಾಗಿಸಿ ನಿಲ್ಲುತ್ತದೆ. ಕೋವಿಯ ಭಾರ ಮುಂದಕ್ಕೆ ಎಳೆಯುವುದನ್ನು ಮೈ ಹಾಗೆ ಸರಿದೂಗಿಸುತ್ತದೆ. ಸ್ಟಾಕ್ ಹೆಗಲಿನ ಗುಳಿಯಲ್ಲಿ ಕೂರದೆ ತೋಳಿನ ಮೇಲೆ ಜಾರುತ್ತದೆ. ಆ ಸ್ಥಿತಿಯಲ್ಲಿ ಹೊಡೆದರೆ ಒದೆತವೆಲ್ಲ ತೋಳಿನ ಮೂಳೆಗೆ. ಕತ್ತು ಚಾಚಿ ಸ್ಕೋಪ್ (ಗುರಿ ನೋಡುವ ದುರ್ಬೀನು) ಹುಡುಕಬೇಕಾಗುತ್ತದೆ. ಇಂಥ ಕೋವಿಯಲ್ಲಿ ಹೊಡೆದ ಮಗು ಟ್ರಿಗರ್ ಒತ್ತುವ ಮುಂಚೆ ಕಣ್ಣು ಮುಚ್ಚುವುದನ್ನು ಕಲಿಯುತ್ತದೆ. ಒಮ್ಮೆ ಹತ್ತಿದ ಆ ಚಾಳಿ ಬಿಡಿಸಲು ವರ್ಷಗಳು ಬೇಕು.

ಮುಂದಿನದು ಕಣ್ಣು. ಬಲಗೈ ಮಕ್ಕಳಲ್ಲೂ ಕೆಲವರಿಗೆ ಎಡಗಣ್ಣು ಬಲವಾಗಿರುತ್ತದೆ. ಎರಡೂ ಕೈ ಮುಂದೆ ಚಾಚಿ, ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿಸಿ. ಎರಡೂ ಕಣ್ಣು ತೆರೆದು ಆ ಕಿಂಡಿಯಿಂದ ದೂರದ ದೀಪ ನೋಡಲಿ. ಆಮೇಲೆ ಒಂದೊಂದೇ ಕಣ್ಣು ಮುಚ್ಚಲಿ. ಯಾವ ಕಣ್ಣಿಗೆ ದೀಪ ಕಿಂಡಿಯಲ್ಲೇ ಉಳಿಯುತ್ತದೋ ಅದು ಬಲವಾದ ಕಣ್ಣು. ಕೈ ಒಂದು ಕಡೆ, ಕಣ್ಣು ಇನ್ನೊಂದು ಕಡೆ ಇದ್ದರೆ ಚಿಕ್ಕ ವಯಸ್ಸಿನಲ್ಲೇ ಕಣ್ಣಿನ ಕಡೆಯ ಹೆಗಲಿಗೆ ಅಭ್ಯಾಸ ಮಾಡಿಸುವುದು ಸುಲಭ. ಎಡಗೈಯಲ್ಲಿ ಎಳೆಯುವ ಬೋಲ್ಟ್ (ತೋಟಾ ತುಂಬುವ ಹಿಡಿ) ಇರುವ ರೈಫಲ್‌ಗಳು ಸಿಗುತ್ತವೆ. ಇದನ್ನು ಕೊಂಡ ಮೇಲೆ ತಿಳಿದುಕೊಂಡು ಪ್ರಯೋಜನವಿಲ್ಲ.

ತೂಕದ್ದು ಎರಡು ಕಡೆಯ ಲೆಕ್ಕ. ಭಾರವಾದರೆ ಮಗು ಎತ್ತಿ ಹಿಡಿಯಲಾರದು. ತೀರಾ ಹಗುರವಾದರೆ ಅದೇ ತೋಟಾ ಜಾಸ್ತಿ ಒದೆಯುತ್ತದೆ. ಸ್ಕೋಪ್ ಸೇರಿ ಆರೂವರೆ ಏಳು ಪೌಂಡ್, ಅಂದರೆ ಮೂರು ಕಿಲೋ ಸುಮಾರಿಗೆ ಇದ್ದರೆ 12-13ರ ಮಗುವಿಗೆ ಸರಿ. ಕಾಡಿನಲ್ಲಿ ಹೇಗಿದ್ದರೂ ಕೋವಿಗೆ ಆಧಾರವಾಗುವ ಶೂಟಿಂಗ್ ಸ್ಟಿಕ್ ಮೇಲೆ ಇಟ್ಟೇ ಹೊಡೆಯಬೇಕು, ಕೈಯಲ್ಲಿ ಎತ್ತಿ ಹಿಡಿದಲ್ಲ.

ಯಾವ ತೋಟಾ?

ಜಿಂಕೆ ರೈಫಲ್ ಕೊಳ್ಳುವಾಗ ಅಂಗಡಿಯಲ್ಲಿ ಎಲ್ಲರೂ ಒಂದೊಂದು ಸಲಹೆ ಕೊಡುವುದು ಇಲ್ಲೇ. ನೀವು ಒದೆತದ ಲೆಕ್ಕ ಹಿಡಿಯಿರಿ. ಏಳೂವರೆ ಎಂಟು ಪೌಂಡ್ ರೈಫಲ್‌ನಲ್ಲಿ .243 ವಿಂಚೆಸ್ಟರ್ ಸುಮಾರು 9 ಫುಟ್-ಪೌಂಡ್ (ಒದೆತ ಅಳೆಯುವ ಮಾನ) ಒದೆಯುತ್ತದೆ. 7ಎಂಎಂ-08 ರೆಮಿಂಗ್ಟನ್ ಸುಮಾರು 12ರಿಂದ 13. .308 ವಿಂಚೆಸ್ಟರ್ ಸುಮಾರು 16. ಇಲ್ಲಿನ ಅಜ್ಜಂದಿರ ಮೆಚ್ಚಿನ .30-06 ಸುಮಾರು 20. ಮಗುವಿಗೆ ಹತ್ತರ ಆಸುಪಾಸು ಒಳ್ಳೆಯದು, 15 ದಾಟಬಾರದು ಎನ್ನುವುದು ನನ್ನ ಗೆರೆ.

1955ರಲ್ಲಿ ಬಂದ .243 ಇವತ್ತಿಗೂ ಮಕ್ಕಳ ಮೊದಲ ಜಿಂಕೆ ತೋಟಾ ಎಂದೇ ಹೆಸರುವಾಸಿ. ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಗುಂಡು ಚಿಕ್ಕದು, ಹಾಗಾಗಿ ಗುರಿ ಸರಿಯಾಗಿ ಬೀಳಲೇಬೇಕು. 7ಎಂಎಂ-08 ಸ್ವಲ್ಪ ಜಾಸ್ತಿ ಒದೆಯುತ್ತದೆ, ಆದರೆ ಮಗು ದೊಡ್ಡವನಾದ ಮೇಲೂ ಎಲ್ಕ್ ಎಂಬ ದೊಡ್ಡ ಜಿಂಕೆಯವರೆಗೆ ಸಾಕಾಗುತ್ತದೆ. 2007ರ 6.5 ಕ್ರೀಡ್‌ಮೋರ್ ಇವೆರಡರ ನಡುವಿನದು. ಇವತ್ತು ನನ್ನನ್ನು ಹೆಸರು ಹೇಳಿ ಅಂದರೆ, ಸಣ್ಣ ಮೈಯ ಮಗುವಿಗೆ .243, ಗಟ್ಟಿ ಮೈಯ ಮಗುವಿಗೆ 6.5 ಕ್ರೀಡ್‌ಮೋರ್ ಎನ್ನುತ್ತೇನೆ.

ರಾಜ್ಯದ ನಿಯಮ ಇಲ್ಲೂ ಅಡ್ಡ ಬರುತ್ತದೆ. ಓಹಾಯೋದಲ್ಲಿ ಜಿಂಕೆಗೆ ಕತ್ತು ಕಿರಿದಾದ ತೋಟಾ ನಡೆಯುವುದಿಲ್ಲ, ಉದ್ದಕ್ಕೂ ನೇರವಾಗಿರುವ ತೋಟಾವೇ ಬೇಕು. ಅಲ್ಲಿ 2019ರಲ್ಲಿ ಬಂದ .350 ಲೆಜೆಂಡ್ ಮಕ್ಕಳಿಗೆ ಹೇಳಿ ಮಾಡಿಸಿದಂತಿದೆ. ಅದೇ ಸಾಲಿನ .450 ಬುಶ್‌ಮಾಸ್ಟರ್ ಬಲವಾಗಿ ಒದೆಯುತ್ತದೆ, ಮಗುವಿಗೆ ಬೇಡ. .22 ರಿಮ್‌ಫೈರ್‌ನಲ್ಲಿ ಪೆನ್ಸಿಲ್ವೇನಿಯಾದಲ್ಲಿ ಜಿಂಕೆ ಹೊಡೆಯುವ ಹಾಗಿಲ್ಲ. ಅದು ಪ್ರಾಣಿಯನ್ನು ನರಳಿಸುತ್ತದೆ.

ಗುಂಡಿನ ಲೋಹವನ್ನೂ ನೋಡಿ. ಸೀಸದ ಗುಂಡು ಪ್ರಾಣಿಯ ಮೈಯೊಳಗೆ ಚೂರಾಗಿ ಮಾಂಸದಲ್ಲಿ ಉಳಿಯಬಹುದು. ಮಕ್ಕಳು ತಿನ್ನುವ ಮನೆಯಲ್ಲಿ ತಾಮ್ರದ ಗುಂಡು ಒಳ್ಳೆಯದು. ಕ್ಯಾಲಿಫೋರ್ನಿಯಾ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡನ್ನೇ ನಿಷೇಧಿಸಿದೆ. .22ನಲ್ಲಿ ಅಭ್ಯಾಸ ಮಾಡಿದ ಮೇಲೂ ಸೋಪು ಹಾಕಿ ಕೈ ತೊಳೆಸಿ, ಆಮೇಲೆ ತಿಂಡಿ ಕೊಡಿ.

ಅಂಗಡಿಯಲ್ಲಿ

ಜಿಂಕೆಗೆ ಬೋಲ್ಟ್ ಆಕ್ಷನ್ ತೆಗೆದುಕೊಳ್ಳಿ. ಬೋಲ್ಟ್ ಹಿಂದಕ್ಕೆ ಎಳೆದರೆ ಒಳಗೆ ತೋಟಾ ಇದೆಯೋ ಇಲ್ಲವೋ ದೂರದಿಂದಲೇ ಕಾಣುತ್ತದೆ. ಪೆನ್ಸಿಲ್ವೇನಿಯಾದಲ್ಲಂತೂ ಜಿಂಕೆಗೆ ಸೆಮಿ-ಆಟೊಮ್ಯಾಟಿಕ್ ರೈಫಲ್ ನಿಷಿದ್ಧ. ಟ್ರಿಗರ್ ಬಳಿಯ ಹಿಡಿ ಕೆಳಗೆಳೆದು ತೋಟಾ ತುಂಬುವ ಲಿವರ್ ಆಕ್ಷನ್ ನೋಡಲು ಚೆಂದ, ಆದರೆ ಹಲವು ಮಾದರಿಗಳಲ್ಲಿ ಕುದುರೆಯನ್ನು (ಹಿಂದಿನ ಪುಟ್ಟ ಸುತ್ತಿಗೆಯನ್ನು) ಹೆಬ್ಬೆರಳಿನಿಂದ ಮೆಲ್ಲಗೆ ಇಳಿಸಬೇಕು. ಚಳಿಗೆ ಮರಗಟ್ಟಿದ ಪುಟ್ಟ ಬೆರಳು ಜಾರುತ್ತದೆ.

ಮಾಸ್‌ಬರ್ಗ್ ಪೇಟ್ರಿಯಟ್ ಸೂಪರ್ ಬ್ಯಾಂಟಮ್, ರೂಗರ್ ಅಮೆರಿಕನ್ ಕಾಂಪ್ಯಾಕ್ಟ್, ಸ್ಯಾವೇಜ್ ಆಕ್ಸಿಸ್‌ನ ಮಕ್ಕಳ ಮಾದರಿ. ಈ ಮೂರನ್ನೂ ಹೆಗಲಿಗೆ ಕೊಟ್ಟು ನೋಡಿ. ಮಾಸ್‌ಬರ್ಗ್‌ನಲ್ಲಿ ಸ್ಟಾಕ್‌ಗೆ ಸೇರಿಸುವ ತುಂಡು ಇರುತ್ತದೆ, ಮಗು ಬೆಳೆದಂತೆ 12ರಿಂದ 13 ಇಂಚಿಗೆ ಉದ್ದ ಮಾಡಬಹುದು. ಮಾದರಿ, ಸ್ಕೋಪ್ ನೋಡಿಕೊಂಡು 400ರಿಂದ 600 ಡಾಲರ್ ಆಸುಪಾಸಿನಲ್ಲಿ ಕೆಲಸ ಆಗುತ್ತದೆ. ಅದಕ್ಕಿಂತ ಜಾಸ್ತಿ ಸುರಿಯಬೇಕಾಗಿಲ್ಲ. ಉಳಿದ ದುಡ್ಡು ತೋಟಾಕ್ಕೆ, ಕೋವಿಯನ್ನು ಬೀಗ ಹಾಕಿಡುವ ಬೀರುವಿಗೆ ಬೇಕು. ಹೊಸ ರೈಫಲ್‌ನ ಬೆಲೆಯಲ್ಲಿ ತಯಾರಕರು ಕಟ್ಟಿದ 11 ಶೇಕಡಾ ತೆರಿಗೆ ಸೇರಿದೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ಅದು ರಾಜ್ಯಗಳ ವನ್ಯಜೀವಿ ಸಂರಕ್ಷಣೆಗೆ ಹೋಗುತ್ತದೆ. ಈ ವಿಷಯ ಮಗುವಿಗೆ ಹೇಳಿ, ಅದಕ್ಕೆ ಹೆಮ್ಮೆಯಾಗುತ್ತದೆ.

ಸಾಧ್ಯವಾದರೆ ಮಗುವನ್ನು ಅಂಗಡಿಗೆ ಕರೆದುಕೊಂಡು ಹೋಗಿ. ಉಡುಗೊರೆ ಗುಟ್ಟಾಗಿ ಉಳಿಯುವುದಿಲ್ಲ, ಹೌದು. ಆದರೂ ಅಳತೆಯೇ ಮುಖ್ಯ. ಕಣ್ಣು ಮುಚ್ಚಿ ಕೋವಿಯನ್ನು ಹೆಗಲಿಗೆ ತರಲಿ, ಆಮೇಲೆ ಕಣ್ಣು ತೆರೆಯಲಿ. ಕತ್ತು ಹುಡುಕಾಡದೆ ಸ್ಕೋಪ್ ನೇರ ಕಣ್ಣಿಗೆ ಸಿಕ್ಕಿದರೆ ಹೊಂದಿತು ಎಂದರ್ಥ. ಬೋಲ್ಟನ್ನು ತಾನೇ ಎಳೆಯಲಿ. ಟ್ರಿಗರ್ ಬೀಳದಂತೆ ತಡೆಯುವ ಸೇಫ್ಟಿಯನ್ನು ಕೈಗವಸು ಹಾಕಿಕೊಂಡು ಸರಿಸಲಿ.

ಸ್ಕೋಪ್ 3-9x40 ಇದ್ದರೆ ಸಾಕು, ಅಂದರೆ ಮೂರರಿಂದ ಒಂಬತ್ತು ಪಟ್ಟು ದೊಡ್ಡದಾಗಿ ತೋರಿಸುವ, 40 ಮಿಲಿಮೀಟರ್ ಗಾಜಿನದು. ಕಣ್ಣಿಗೂ ಗಾಜಿಗೂ ಮೂರೂವರೆ ನಾಲ್ಕು ಇಂಚು ದೂರ ಇರಬೇಕು, ಇಲ್ಲದಿದ್ದರೆ ಒದೆತಕ್ಕೆ ಹುಬ್ಬು ಒಡೆಯುತ್ತದೆ. ಅಂಗಡಿಯವರು ಸ್ಕೋಪ್ ಕೂರಿಸುವಾಗ ಮಗುವಿನ ಮುಖ ಇಟ್ಟೇ ದೂರ ಹೊಂದಿಸಲಿ. ನಿಮ್ಮ ಮುಖಕ್ಕೆ ಹೊಂದಿಸಿದರೆ ಪ್ರಯೋಜನವಿಲ್ಲ.

ಕಿವಿಯ ವಿಷಯದಲ್ಲಿ ಜುಗ್ಗತನ ಬೇಡ. 140 ಡೆಸಿಬೆಲ್ ದಾಟಿದ ಸದ್ದು ಒಂದೇ ಏಟಿಗೆ ಕಿವಿಗೆ ಕಾಯಂ ಪೆಟ್ಟು ಕೊಡಬಹುದು. ಜಿಂಕೆ ರೈಫಲ್ 150 ದಾಟುತ್ತದೆ. ರೇಂಜಿನಲ್ಲಿ ಕಿವಿಯೊಳಗೆ ಪ್ಲಗ್, ಮೇಲೆ ಇಯರ್‌ಮಫ್, ಎರಡೂ ಇರಲಿ. ಕಾಡಿಗೆ ಎಲೆಕ್ಟ್ರಾನಿಕ್ ಇಯರ್‌ಮಫ್ ತೆಗೆದುಕೊಳ್ಳಿ. ಮಾತು ಕೇಳಿಸುತ್ತದೆ, ಗುಂಡಿನ ಸದ್ದನ್ನು ತಡೆಯುತ್ತದೆ. ಬ್ಯಾರೆಲ್ ತುದಿಗೆ ಹಾಕುವ ಮಜಲ್ ಬ್ರೇಕ್ ಒದೆತ ಕಡಿಮೆ ಮಾಡುತ್ತದೆ ನಿಜ, ಆದರೆ ಸದ್ದನ್ನು ವಿಪರೀತ ಹೆಚ್ಚಿಸುತ್ತದೆ. ಮಗುವಿನ ರೈಫಲ್‌ಗೆ ಅದು ಬೇಡ. ರಕ್ಷಣಾ ಕನ್ನಡಕ ಮರೆಯಬೇಡಿ. ಕಿತ್ತಳೆ ಬಟ್ಟೆಯೂ ಬೇಕು. ಪೆನ್ಸಿಲ್ವೇನಿಯಾದ ಜಿಂಕೆ ಕಾಲದಲ್ಲಿ ತಲೆ, ಎದೆ, ಬೆನ್ನು ಸೇರಿ 250 ಚದರ ಇಂಚು ಹೊಳೆಯುವ ಕಿತ್ತಳೆ ಕಾಣಬೇಕು.

ಬೀಗ, ಕೀಲಿ

ಬೀರು ರೈಫಲ್‌ಗಿಂತ ಮೊದಲು ಮನೆಗೆ ಬರಬೇಕು. ಅಮೆರಿಕದ ಮಕ್ಕಳ ವೈದ್ಯರ ಸಂಘ ಹೇಳುವುದು ಸ್ಪಷ್ಟವಾಗಿದೆ: ಕೋವಿ ಖಾಲಿ ಇರಬೇಕು, ಬೀಗದಲ್ಲಿರಬೇಕು, ತೋಟಾ ಬೇರೆ ಕಡೆ ಬೀಗದಲ್ಲಿರಬೇಕು. ಮಂಚದ ಕೆಳಗೆ, ಅಟ್ಟದ ಮೇಲೆ, ಸೀರೆಗಳ ಹಿಂದೆ ಇಟ್ಟರೆ ಅದು ಅಡಗಿಸಿಟ್ಟಂತಲ್ಲ. ಮಕ್ಕಳಿಗೆ ಮನೆಯ ಮೂಲೆ ಮೂಲೆಯೂ ಗೊತ್ತು. ನಂಬರ್ ಬೀಗವಾದರೆ ಯಾರ ಹುಟ್ಟಿದ ದಿನವನ್ನೂ ಇಡಬೇಡಿ. ಪ್ರಾಜೆಕ್ಟ್ ಚೈಲ್ಡ್‌ಸೇಫ್ ಎಂಬ ಕಾರ್ಯಕ್ರಮದಲ್ಲಿ ಹಲವು ಪೊಲೀಸ್ ಠಾಣೆಗಳು ಕೇಬಲ್ ಬೀಗವನ್ನು ಪುಕ್ಕಟೆ ಕೊಡುತ್ತವೆ. ಬೀರು ಇದ್ದರೂ ಅದನ್ನು ಹಾಕಿ. ಮಿಶಿಗನ್‌ನಲ್ಲಿ 2024ರ ಫೆಬ್ರವರಿ 13ರಿಂದ, ಮಕ್ಕಳಿರುವ ಮನೆಯಲ್ಲಿ ಕೋವಿಗೆ ಬೀಗ ಹಾಕಿಡುವುದು ಕಡ್ಡಾಯ.

"ನನ್ನ ರೈಫಲ್, ಕೀಲಿ ಯಾಕೆ ನಿಮ್ಮ ಹತ್ತಿರ?" ಎಂದು ಮಗು ಕೇಳುತ್ತದೆ. ಕೊಡುವ ದಿನವೇ ಉತ್ತರ ಹೇಳಿಬಿಡಿ: ಹೆಸರು ನಿನ್ನದು, ಕೀಲಿ ನಮ್ಮದು. ನಾನು ಅಥವಾ ಅಮ್ಮ ಪಕ್ಕದಲ್ಲಿ ಇಲ್ಲದೆ ಮುಟ್ಟುವಂತಿಲ್ಲ. ಗೆಳೆಯರು ಬಂದಾಗ ತೋರಿಸುವಂತಿಲ್ಲ. ಫೋಟೋ ತೆಗೆದು ಶಾಲೆಯ ಗೆಳೆಯರಿಗೆ ಕಳಿಸುವಂತಿಲ್ಲ. ಆ ಫೋಟೋ ಎಂಥ ರಾದ್ಧಾಂತಕ್ಕೆ ಕಾರಣವಾಗಬಹುದು ಎಂಬುದು ಇಲ್ಲಿನ ಅಪ್ಪ-ಅಮ್ಮಂದಿರಿಗೆ ಗೊತ್ತು. ಊರಿಂದ ಅಜ್ಜ-ಅಜ್ಜಿ ಬಂದು ಆರು ತಿಂಗಳು ಇರುವಾಗ ಅವರಿಗೂ ವಿಷಯ ತಿಳಿಸಿ. ಮೊಮ್ಮಗು ಗೋಗರೆದರೆ ಕರಗುವವರು ಅವರೇ.

ಕೊಟ್ಟ ಮೇಲಿನ ತಿಂಗಳುಗಳು

ಮೊದಲ ವಾರ ತೋಟಾ ಇಲ್ಲದೆ ಅಭ್ಯಾಸ. ಬ್ಯಾರೆಲ್ ಯಾವತ್ತೂ ಮನುಷ್ಯರ ಕಡೆ ತಿರುಗಬಾರದು. ಹೊಡೆಯುವ ಕ್ಷಣದವರೆಗೆ ಬೆರಳು ಟ್ರಿಗರ್‌ನಿಂದ ಹೊರಗೆ. ಕೋವಿ ಕೈಗೆ ಬಂದಾಗಲೆಲ್ಲ ಬೋಲ್ಟ್ ತೆರೆದು ನೋಡು. ಈ ಮೂರು ಬಾಯಿಪಾಠವಾದರೆ ಸಾಲದು, ಕೈ ತಾನಾಗಿ ಮಾಡಬೇಕು. ಜಿಂಕೆ ರೈಫಲ್‌ನಲ್ಲಿ ಖಾಲಿ ಟ್ರಿಗರ್ ಒತ್ತಿ ಅಭ್ಯಾಸ ಮಾಡಬಹುದು. .22ನಲ್ಲಿ ಮಾತ್ರ ಖಾಲಿ ಒತ್ತುವ ಮುಂಚೆ ಅದರ ಜೊತೆ ಬಂದ ಕೈಪಿಡಿ ನೋಡಿ. ಕೆಲವು ಕೋವಿಗಳಲ್ಲಿ ಒಳಗಿನ ಸೂಜಿ ನಳಿಗೆಯ ಅಂಚಿಗೆ ಬಡಿದು ಹಾಳಾಗುತ್ತದೆ.

ರೇಂಜಿಗೆ ಹೋದ ದಿನ .22ನಲ್ಲಿ ಬೇಕಾದಷ್ಟು ಹೊಡೆಯಲಿ, ದೊಡ್ಡ ರೈಫಲ್‌ನಲ್ಲಿ ಐದಾರು ಸಾಕು. ಹೆಗಲು ನೋಯುವ ಮುಂಚೆಯೇ ನಿಲ್ಲಿಸಿ. ಗುರಿ ಹೊಂದಿಸುವ ಮೊದಲ ಗುಂಡುಗಳನ್ನು ನೀವೇ ಹೊಡೆಯಿರಿ, ಆ ಒದೆತ ಮಗುವಿಗೆ ಬೇಡ. ಮಗು ಕಣ್ಣು ಮುಚ್ಚುತ್ತಿದೆಯೋ ಎಂದು ನೋಡಲು ಒಂದು ಉಪಾಯ ಇದೆ. ಮಗುವಿಗೆ ಹೇಳದೆ ಒಮ್ಮೊಮ್ಮೆ ನಕಲಿ ತೋಟಾ ಹಾಕಿ ಕೊಡಿ. ಸದ್ದಿಲ್ಲದೆ ಟ್ರಿಗರ್ ಬಿದ್ದಾಗ ಬ್ಯಾರೆಲ್ ಕುಲುಕಿದರೆ ಮಗು ಒದೆತಕ್ಕೆ ಹೆದರುತ್ತಿದೆ ಎಂದು ಗೊತ್ತಾಗುತ್ತದೆ. ಮತ್ತೆ .22ಗೆ ಹಿಂತಿರುಗಿ.

ಕೂತು, ಕೋಲಿನ ಮೇಲಿಟ್ಟು, 100 ಗಜದಲ್ಲಿ ಆರು ಇಂಚಿನ ಪೇಪರ್ ತಟ್ಟೆಗೆ ಐದಕ್ಕೆ ಐದೂ ಬೀಳಬೇಕು. ಬೀಳದಿದ್ದರೆ 50 ಗಜದಲ್ಲಿ ನೋಡಿ. ಎಷ್ಟು ದೂರದಲ್ಲಿ ಐದೂ ಬೀಳುತ್ತವೋ ಕಾಡಿನಲ್ಲಿ ಅಷ್ಟೇ ದೂರ, ಅದರಾಚೆ ಎಂಥ ಕೊಂಬಿನ ಗಂಡು ಜಿಂಕೆ ನಿಂತಿದ್ದರೂ ಹೊಡೆಯುವಂತಿಲ್ಲ. ಅಡ್ಡ ನಿಂತ ಜಿಂಕೆಯ ಮುಂಗಾಲಿನ ಹಿಂದೆ, ಶ್ವಾಸಕೋಶದ ಜಾಗ ಎಲ್ಲಿದೆ ಎಂದು ಚಿತ್ರ ಹಿಡಿದು ಕಲಿಸಿ. ಮೊದಲ ವರ್ಷ ಟ್ರಿಗರ್ ಒತ್ತದೇ ಮನೆಗೆ ಬಂದರೆ ಬೇಜಾರು ತೋರಿಸಬೇಡಿ. "ಗುರಿ ಸರಿ ಕಾಣಲಿಲ್ಲ, ಅದಕ್ಕೇ ಬಿಟ್ಟೆ" ಅಂತ ಮಗು ಹೇಳಿದರೆ ಬೆನ್ನು ತಟ್ಟಿ.

ಪ್ರತಿ ವರ್ಷ ಆಗಸ್ಟ್‌ನಲ್ಲಿ ಮತ್ತೆ ಟೇಪ್ ಹಿಡಿಯಿರಿ. ಸ್ಟಾಕ್ ಗಿಡ್ಡವಾಗಿದ್ದರೆ ತುಂಡು ಸೇರಿಸಿ. ಅದೂ ಸಾಲದಿದ್ದರೆ ಸ್ಟಾಕ್ ಮಾತ್ರ ಬದಲಾಯಿಸಬಹುದೇ ಎಂದು ತಯಾರಕರನ್ನು ಕೇಳಿ. ಹಲವು ಮಾದರಿಗಳಲ್ಲಿ ದೊಡ್ಡವರ ಸ್ಟಾಕ್ ಬೇರೆಯಾಗಿ ಸಿಗುತ್ತದೆ, ಬ್ಯಾರೆಲ್ ಅದೇ ಇರುತ್ತದೆ. ಸ್ಟಾಕ್ ಬದಲಾಯಿಸಿದ ಮೇಲೆ ಗುರಿಯನ್ನು ಮತ್ತೆ ಹೊಂದಿಸಬೇಕು, ಸ್ಕೋಪ್ ದೂರವನ್ನೂ ಮುಖಕ್ಕೆ ತಕ್ಕಂತೆ ಸರಿಸಬೇಕು. ತೆಗೆದ ಸ್ಟಾಕನ್ನು ಎಸೆಯಬೇಡಿ. ತಮ್ಮನೋ ತಂಗಿಯೋ ಇದ್ದರೆ ಮೂರು ವರ್ಷಕ್ಕೆ ಅದೇ ಬೇಕಾಗುತ್ತದೆ.